ಮೂರನೇ ಪತ್ರದ ಮೊದಲ ಹಾಳೆ

"ಹೇಳೋದು ಬೇಡಮ್ಮ. ಮಾಡಿ ತೋರಿಸಿ."

ತನಿಖಾಧಿಕಾರಿ ಕುರ್ಚಿಯನ್ನು ನನ್ನ ಮೇಜಿನ ಪಕ್ಕಕ್ಕೆ ಎಳೆದುಕೊಂಡು ಕೂತರು. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುವುದಿಲ್ಲ, ಹೇಳಿದ್ದನ್ನು ಮಾಡಿಸಿ ನೋಡುತ್ತಾರೆ. ಬೆಳಿಗ್ಗೆ ನಮ್ಮ ಅಟೆಂಡರ್ ಕೈಯಲ್ಲಿ ಕಬ್ಬಿಣದ ಬೀರುವಿನ ಬಾಗಿಲನ್ನು ಹನ್ನೊಂದು ಸಲ ತೆಗೆಸಿ ಹಾಕಿಸಿದ್ದರು. "ಸಾಹೇಬರು ಬೀರುವಿಗೆ ವ್ಯಾಯಾಮ ಮಾಡಿಸ್ತಿದಾರೆ ಕಣಮ್ಮ," ಎಂದು ಅಟೆಂಡರಣ್ಣ ನನ್ನ ಕಿವಿಯಲ್ಲಿ ಹೇಳಿ ಹೋಗಿದ್ದರು. ಆಗ ನಗು ಬಂದಿತ್ತು.

ಈಗ ಗಂಟೆ ಮೂರು ಹತ್ತು. ನಗು ಎಲ್ಲಿಂದ ಬರಬೇಕು?

ಸಸ್ಯಶಾಸ್ತ್ರದ ಮೇಡಂಗೆ ಬಡ್ತಿ ಕೊಡಬಾರದೆಂದು ನೇಮಕಾತಿ ಮತ್ತು ಬಡ್ತಿ ಕಮಿಟಿ ತೀರ್ಮಾನಿಸಿ ಇಪ್ಪತ್ತೆರಡು ದಿನವಾಗಿತ್ತು. ಇದು ಎರಡನೇ ಸಲ. ಎರಡು ಸಲ ಬೇಡವೆನಿಸಿಕೊಂಡವರು ವರ್ಷದ ಕೊನೆಗೆ ಕಾಲೇಜು ಬಿಡಬೇಕು. ಅಧ್ಯಾಪಕರ ಸಂಘ ಅವರ ಪರವಾಗಿ ಮೇಲ್ಮನವಿ ಹಾಕಿತ್ತು. ಕಡತದಲ್ಲಿ ಲೋಪವಿದೆಯೆಂದು ಇವತ್ತು ಸಂಜೆ ಐದರೊಳಗೆ ತನಿಖಾಧಿಕಾರಿ ಬರೆದುಕೊಟ್ಟರೆ ಮತ್ತೊಮ್ಮೆ ಮತದಾನ. ಇಲ್ಲದಿದ್ದರೆ ಹದಿನಾಲ್ಕು ವರ್ಷದ ಕೆಲಸ ಮುಗಿಯಿತು.

ಲೋಪ ಇತ್ತು. ಎಲ್ಲಿತ್ತೆಂದು ನನಗೆ ಗೊತ್ತಿತ್ತು. ಮಾಡಿದವಳು ನಾನೇ.

"ಶುರು ಮಾಡಿ," ಎಂದರು ಅವರು. "ಒಂದು ಪತ್ರ ಬಂತು ಅಂತಿಟ್ಕೊಳ್ಳಿ. ಮೊದಲು ಯಾರ ಕೈಗೆ?"

"ಸೂಪರಿಂಟೆಂಡೆಂಟ್ ಕೈಗೆ ಸರ್. ಅವರು ರಿಜಿಸ್ಟರಲ್ಲಿ ಬರ್ಕೊಂಡು ನನಗೆ ಕೊಡ್ತಾರೆ."

"ಸೂಪರಿಂಟೆಂಡೆಂಟ್ ಅಂದ್ರೆ ನಿಮ್ಮ ಚಿಕ್ಕಮ್ಮ."

"ಹೌದು ಸರ್."

"ಮುಂದೆ."

ಬಡ್ತಿ ಕೇಳಿದವರ ಬಗ್ಗೆ ದೂರದ ಕಾಲೇಜುಗಳ ಐವರು ಪರಿಣತರು ಪತ್ರ ಬರೆಯಬೇಕು. ಬರೆದವರು ಯಾರೆಂಬುದು ಕಮಿಟಿಗೂ ಗೊತ್ತಾಗಬಾರದು, ಅಭ್ಯರ್ಥಿಗಂತೂ ಎಂದೆಂದಿಗೂ ಗೊತ್ತಾಗಬಾರದು. ಅದಕ್ಕಾಗಿ ನಮ್ಮಲ್ಲಿ ಪ್ರತಿ ಪತ್ರವನ್ನೂ ಹೊಸದಾಗಿ ಟೈಪು ಮಾಡುತ್ತಾರೆ. ಹೆಸರು, ಊರು, ಸಹಿ ಏನೂ ಇಲ್ಲದೆ, ಮೇಲೆ ಬರೀ ಒಂದು ಸಂಖ್ಯೆ. ಮೂಲ ಪತ್ರ ಲಕೋಟೆಗೆ, ಲಕೋಟೆ ಬೀರುವಿಗೆ. ಕಮಿಟಿಯ ಐದು ಜನ ಓದುವುದು ನಾನು ಟೈಪು ಮಾಡಿದ ನಕಲನ್ನು ಮಾತ್ರ. ಅದನ್ನೂ ಈ ಕೋಣೆಯಲ್ಲೇ ಕೂತು, ಚೀಲ ಹೊರಗಿಟ್ಟು, ಪುಸ್ತಕದಲ್ಲಿ ಸಹಿ ಮಾಡಿ ಓದಬೇಕು.

ಅವರು ಜೇಬಿನಿಂದ ಒಂದು ಮಡಚಿದ ಹಾಳೆ ತೆಗೆದು ಮುಂದಿಟ್ಟರು. ಅವರ ಬಡಾವಣೆಯ ನೀರಿನ ಸರಬರಾಜಿನ ಬಗ್ಗೆ ಯಾವುದೋ ಸುತ್ತೋಲೆ.

"ಇದನ್ನ ಟೈಪ್ ಮಾಡಿ."

ಮಾಡಿದೆ. ಅವರು ಪರದೆ ನೋಡಲಿಲ್ಲ, ನನ್ನ ಕಣ್ಣು ನೋಡುತ್ತಿದ್ದರು.

"ಟೈಪ್ ಮಾಡುವಾಗ ಓದ್ತೀರಾ?"

"ಅಕ್ಷರ ನೋಡ್ತೀನಿ ಸರ್."

"ಓದ್ತೀರಾ ಅಂತ ಕೇಳ್ದೆ."

"...ಓದ್ತೀನಿ."

"ಓದ್ಲೇಬೇಕಲ್ಲಮ್ಮ. ಹೆಸರು ತೆಗೀಬೇಕು ಅಂದ್ರೆ ಓದ್ದೆ ಹೇಗಾಗುತ್ತೆ?" ಅವರು ಮುದ್ರಿಸಿದ ಹಾಳೆಯನ್ನು ಸುತ್ತೋಲೆಯ ಪಕ್ಕದಲ್ಲಿಟ್ಟು ಬೆರಳು ಓಡಿಸಿದರು. ಬೆರಳು ನಿಂತಿತು. "ಏಳನೇ ಸಾಲು ಎಲ್ಲಿ?"

ಇರಲಿಲ್ಲ. ಗಾಬರಿಯಲ್ಲಿ ಹಾರಿಹೋಗಿತ್ತು.

"ಹೆದರಬೇಡಿ. ಇದು ನೀರಿನ ವಿಷಯ," ಎಂದು ನಕ್ಕರು.

ಅಷ್ಟರಲ್ಲಿ ಕಮಿಟಿಯ ಅಧ್ಯಕ್ಷರು ಬಂದರು. ಇತಿಹಾಸದ ಪ್ರೊಫೆಸರು. ಎರಡು ಕ್ಲಾಸುಗಳ ನಡುವೆ ಹದಿನೈದು ನಿಮಿಷ ಮಾತ್ರ ಇದೆಯೆಂದು ನಿಂತೇ ಹೇಳಿದರು, ಆಮೇಲೆ ಆರಾಮಾಗಿ ಕೂತರು. ನನ್ನ ಕಡೆ ನೋಡಲಿಲ್ಲ. ಮೂರು ವರ್ಷದಿಂದ ಅವರ ಸಭೆಗಳ ನಡಾವಳಿ ಬರೆಯುತ್ತಿದ್ದೇನೆ. ನಾನಿರುವುದು ಅವರಿಗೆ ಗೊತ್ತಾಗುವುದು ಪೆನ್ನು ಕೆಳಗೆ ಬಿದ್ದಾಗ ಮಾತ್ರ.

"ಮೂರನೇ ಪತ್ರವನ್ನ ಪಕ್ಕಕ್ಕಿಟ್ರಿ," ಎಂದರು ತನಿಖಾಧಿಕಾರಿ. "ಐದು ಬೇಕಿತ್ತು, ನಾಲ್ಕೇ ಉಳೀತು. ಮೂರು ಮತ ಬೇಡ ಅಂತ, ಎರಡು ಕೊಡೋಣ ಅಂತ. ಆ ಪತ್ರದಲ್ಲಿ ಏನು ತಪ್ಪಿತ್ತು?"

"ತಪ್ಪೇ ಇರ್ಲಿಲ್ಲ. ಅದೇ ತಪ್ಪು."

"ಅರ್ಥ ಆಗ್ಲಿಲ್ಲ."

"ನೋಡಿ ಸರ್, ಎರಡು ಪುಟ ಪೂರ್ತಿ ಹೊಗಳಿಕೆ. ಒಂದಾದ್ರೂ ಕೊರತೆ ಹೇಳಿಲ್ಲ. ಅಂಥ ಪತ್ರ ಯಾರು ಬರೀತಾರೆ? ಸ್ನೇಹಿತರು ಬರೀತಾರೆ, ನೆಂಟರು ಬರೀತಾರೆ. ಬರೀ ಸಕ್ಕರೆ ಇರೋ ಪತ್ರವನ್ನ ನಾವು ಲೆಕ್ಕಕ್ಕೆ ತಗೊಳ್ಳಲ್ಲ."

"ನಿಯಮದಲ್ಲಿ ಬರೆದಿದೆಯಾ?"

"ಬರೆದಿಲ್ಲ. ಎಲ್ಲರಿಗೂ ಗೊತ್ತು."

"ಪತ್ರ ಬರೆಯೋರಿಗೆ?"

"ಅವರೂ ಅವರವರ ಕಾಲೇಜಲ್ಲಿ ಇಂಥದೇ ಕಮಿಟಿಗಳಲ್ಲಿ ಕೂತು ಸವೆದವರು. ಬಲ್ಲವರು ಮೆಚ್ಚಿದವರ ಬಗ್ಗೆ ಬರೆಯುವಾಗ್ಲೂ ಬೇಕೂಂತಲೇ ಒಂದು ಸಣ್ಣ ಕೊರತೆ ಸೇರಿಸ್ತಾರೆ. ಆಗ್ಲೇ ಉಳಿದ ಹೊಗಳಿಕೆಗೆ ಬೆಲೆ. ಈ ಮಹಾನುಭಾವರಿಗೆ ಅಷ್ಟೂ ತಿಳೀಲಿಲ್ಲ ಅಂದ್ರೆ ಏನು ಮಾಡೋಣ?"

ನಾನು ಕೀಲಿಮಣೆಯ ಮೇಲಿದ್ದ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡೆ.

ಸ್ನೇಹಿತರ ಪತ್ರವೆಂಬ ಮಾತು ನನಗೆ ಹೊಸದಲ್ಲ. ಸಭೆಯ ದಿನವೇ ಕೇಳಿದ್ದೆ, "ಮೂರನೇ ಪತ್ರವನ್ನು ಪರಿಗಣಿಸಲಿಲ್ಲ" ಎಂದು ನನ್ನ ಕೈಯಿಂದಲೇ ನಡಾವಳಿಯಲ್ಲಿ ಬರೆದಿದ್ದೆ. ಬರೆದು ಪೂರ್ಣವಿರಾಮ ಹಾಕಿದ್ದೆ. ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆದರೆ ಮೂಲ ಪತ್ರದಲ್ಲಿದ್ದ ಒಂದು ಕೊರತೆಯ ಸಾಲನ್ನು ಬರೆದವರು ಬೇಕೆಂದೇ ಬರೆದಿದ್ದರು, ಮೇಡಂ ಉಳಿಯಲೆಂದೇ ಬರೆದಿದ್ದರು ಎಂಬುದು ಈಗಷ್ಟೇ ಗೊತ್ತಾಯಿತು.

ಅಧ್ಯಕ್ಷರು ಎದ್ದರು. "ಮತ್ತೇನಾದ್ರೂ?"

"ಇಲ್ಲ. ಮಕ್ಕಳು ಕಾಯ್ತಿರ್ತಾರೆ, ಹೋಗಿ."

"ಅವರೇನು ಕಾಯ್ತಾರೆ ಸರ್? ನಾನು ಹೋಗ್ದಿದ್ರೆ ಅವರಿಗೇ ಖುಷಿ," ಎಂದು ಅಧ್ಯಕ್ಷರು ಹೊರಟರು. ಬಾಗಿಲು ತೆರೆದಾಗ ಹೊರಗಿನ ಬೆಂಚು ಕಂಡಿತು. ಮೇಡಂ ಎರಡು ಗಂಟೆಯಿಂದ ಅಲ್ಲೇ ಕೂತಿದ್ದರು. ಮಡಿಲಲ್ಲಿ ವಿದ್ಯಾರ್ಥಿಗಳ ಪ್ರಯೋಗದ ಪುಸ್ತಕಗಳ ರಾಶಿ. ಒಂದೊಂದೇ ತೆಗೆದು, ಕೆಂಪು ಪೆನ್ನಿನಲ್ಲಿ ಎಲೆಯ ಚಿತ್ರಗಳನ್ನು ತಿದ್ದುತ್ತಿದ್ದರು. ಕೆಲಸ ಹೋಗುವ ದಿನವೂ ತಿದ್ದುತ್ತಿದ್ದರು.

ಬಾಗಿಲು ಮುಚ್ಚಿಕೊಂಡಿತು.

"ಸರ್," ಎಂದೆ.

ಅವರು ತಿರುಗಿದರು.

"ಮೂರನೇ ಪತ್ರದಲ್ಲಿ ಕೊರತೆಯ ಸಾಲು ಇತ್ತು ಸರ್. ನಾನು ಟೈಪ್ ಮಾಡ್ಲಿಲ್ಲ."

"ಮರೆತ್ರಾ?"

"ಇಲ್ಲ. ಬಿಟ್ಟೆ."

ಅಷ್ಟು ಹೇಳುವುದಕ್ಕೆ ಇಪ್ಪತ್ತೆರಡು ದಿನ ಬೇಕಾಗಿತ್ತು. ಹೇಳಿದ ಮೇಲೆ ಹಗುರವಾಗುತ್ತದೆಂದು ಯಾರು ಹೇಳುತ್ತಾರೋ ಗೊತ್ತಿಲ್ಲ. ನನಗಂತೂ ಆಗಲಿಲ್ಲ.

"ಏನಿತ್ತು ಸಾಲಲ್ಲಿ?"

ನನಗೆ ಬಾಯಿಪಾಠವಾಗಿತ್ತು. "'ಇವರಲ್ಲಿ ನಾನು ಕಾಣುವ ಒಂದೇ ಕೊರತೆಯೆಂದರೆ ನಿಧಾನ. ಎರಡು ವರ್ಷದಲ್ಲಿ ಪ್ರಕಟಿಸಬಹುದಾದ ಕೆಲಸಕ್ಕೆ ಐದು ವರ್ಷ ತೆಗೆದುಕೊಳ್ಳುತ್ತಾರೆ.' ಇಷ್ಟೇ ಸರ್. ಮೊದಲನೇ ಹಾಳೆಯ ಕೊನೆಯಲ್ಲಿತ್ತು."

"ಯಾಕೆ ಬಿಟ್ರಿ?"

ಯಾಕೆಂದು ಹೇಗೆ ಹೇಳಲಿ? ಆ ಐದು ವರ್ಷಗಳಲ್ಲಿ ಒಂದು ವರ್ಷ ನನ್ನದು. ಡಿಗ್ರಿಯ ಕೊನೆಯ ವರ್ಷ ನನ್ನ ಪ್ರಾಜೆಕ್ಟನ್ನು ಮೇಡಂ ನಾಲ್ಕು ಸಲ ತಿದ್ದಿದ್ದರು. ಮಾತಾಡಲು ಬಾರದೆ ಪ್ರಯೋಗಾಲಯದ ಮೂಲೆಯಲ್ಲಿ ನಿಲ್ಲುತ್ತಿದ್ದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೂಕ್ಷ್ಮದರ್ಶಕ ಸರಿಮಾಡಿಕೊಟ್ಟು, "ನೀನು ಕಂಡದ್ದನ್ನ ನನಗೆ ಮಾತ್ರ ಹೇಳು, ಸಾಕು," ಎಂದಿದ್ದರು. ಅವರ ನಿಧಾನ ಎಂದರೆ ನಾವು. ನಮ್ಮಂಥವರ ಮೇಲೆ ಖರ್ಚಾದ ಸಂಜೆಗಳು. ಅದನ್ನು ಕೊರತೆಯೆಂದು ನನ್ನ ಬೆರಳಿನಿಂದಲೇ ಟೈಪು ಹೊಡೆಯಬೇಕಾಗಿ ಬಂದಾಗ ಬೆರಳು ಮೇಲೇಳಲಿಲ್ಲ.

"ಪಾಠ ಹೇಳಿದವರಿಗೆ ಒಳ್ಳೇದಾಗ್ಲಿ ಅಂತ ಸರ್," ಎಂದಷ್ಟೇ ಅಂದೆ.

ಅವರು ಬೈಯಲಿಲ್ಲ. ಮುಖ ಒರೆಸಿಕೊಂಡು, ಬೆಳಿಗ್ಗೆ ಬೀರುವಿನಿಂದ ತೆಗೆಸಿಟ್ಟಿದ್ದ ಲಕೋಟೆಗಳಲ್ಲಿ ಮೂರನೆಯದನ್ನು ಎತ್ತಿಕೊಂಡರು. ಲಕೋಟೆಯ ಬಾಯಿಗೆ ಅಡ್ಡಲಾಗಿ ಅಂಟಿಸಿದ ಕಾಗದದ ಪಟ್ಟಿ, ಅದರ ಮೇಲೆ ಅಧ್ಯಕ್ಷರ ಸಹಿ. ಪಟ್ಟಿ ಹರಿದಿರಲಿಲ್ಲ. ಅವರೇ ಚಾಕುವಿನಿಂದ ಕತ್ತರಿಸಿದರು.

"ಇದೇ ಸಾಕ್ಷಿ. ನಿಮ್ಮ ನಕಲಲ್ಲಿ ಇಲ್ಲದ್ದು ಮೂಲದಲ್ಲಿದ್ರೆ ಲೋಪ ಸಾಬೀತು. ನಿಮ್ಮ ಕೆಲಸದ ಮಾತು ಬೇರೆ, ಆದ್ರೆ ನಿಮ್ಮ ಮೇಡಂ ಉಳಿತಾರೆ. ನೀವೇ ತೋರಿಸಿ."

ಹಾಳೆ ನನ್ನ ಕೈಗೆ ಬಂತು. ಮೊದಲನೇ ಹಾಳೆಯ ಕೊನೆಗೆ ಕಣ್ಣು ಹೋಯಿತು.

ಸಾಲು ಇರಲಿಲ್ಲ.

ಮತ್ತೆ ಮೇಲಿನಿಂದ ಓದಿದೆ. ಪ್ರತಿ ಮಾತೂ ನನಗೆ ಗೊತ್ತಿದ್ದದ್ದೇ. "ಇವರ ತಾಳ್ಮೆ ಇವರ ತಲೆಮಾರಿನಲ್ಲೇ ಅಪರೂಪ" ಎಂಬ ಸಾಲಿತ್ತು. ಅದರ ನಂತರ ಬರಬೇಕಾದದ್ದು ಇಲ್ಲ. ಸಾಲಿದ್ದ ಜಾಗದಲ್ಲಿ ಖಾಲಿಯೂ ಇಲ್ಲ. ಹಾಳೆ ಅಚ್ಚುಕಟ್ಟಾಗಿ ಅಲ್ಲಿಗೇ ಮುಗಿದು, ಎರಡನೇ ಹಾಳೆಗೆ ಮಾತು ಸಲೀಸಾಗಿ ಹರಿದಿತ್ತು. ನಾನು ಟೈಪು ಮಾಡಿದ್ದ ನಕಲಿನಂತೆಯೇ.

"ಇತ್ತು ಸರ್," ಎಂದೆ. ದನಿ ನನ್ನದೆನ್ನಿಸಲಿಲ್ಲ. "ಇಲ್ಲೇ ಇತ್ತು."

"ಕಮಿಟಿಯವರು ಏನಂತಾರೆ ಗೊತ್ತಾ? ಶಿಷ್ಯೆ ಗುರುವನ್ನ ಉಳಿಸೋಕೆ ಇಲ್ಲದ ತಪ್ಪನ್ನ ತಲೆ ಮೇಲೆ ಹೊತ್ಕೊಂಡಳು ಅಂತಾರೆ."

"ನನ್ನ ಡೈರೀಲಿ ಬರೆದಿಟ್ಟಿದೀನಿ ಸರ್, ಅವತ್ತೇ. ಮನೇಲಿದೆ."

"ನೀವು ಬರೆದದ್ದು ನಿಮಗೇ ಸಾಕ್ಷಿ ಆಗುತ್ತಾ? ಡೈರಿ ಯಾರಾದ್ರೂ ಓದ್ತಾರಾ?"

"ಯಾರೂ ಓದಲ್ಲ ಸರ್."

"ಬರೆದದ್ದನ್ನ ಬೇರೆ ಯಾರೂ ಓದಲ್ಲ ಅಂತ ನಂಬೋರು ಇಬ್ರೇ. ಡೈರಿ ಬರೆಯೋರು, ನಿಮ್ಮ ಕಮಿಟಿಯೋರು." ಅವರು ಎರಡೂ ಹಾಳೆಗಳನ್ನು ಕಿಟಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. "ಇಲ್ಲಿ ಬನ್ನಿ. ಪಿನ್ನು ಹೊಡೆದ ತೂತು ಎಣಿಸಿ."

ಎರಡನೇ ಹಾಳೆಯ ಮೂಲೆಯಲ್ಲಿ ನಾಲ್ಕು ತೂತು. ಎರಡು ಹಳೆಯವು, ಎರಡು ಹೊಸವು. ಮೊದಲನೇ ಹಾಳೆಯಲ್ಲಿ ಎರಡೇ.

"ಒಂದು ಸಲ ಬಿಚ್ಚಿ, ಮೊದಲನೇ ಹಾಳೆ ತೆಗೆದು, ಬೇರೆ ಹಾಳೆ ಇಟ್ಟು, ಮತ್ತೆ ಪಿನ್ನು ಹೊಡೆದಿದಾರೆ. ಸಹಿ ಇರೋದು ಎರಡನೇ ಹಾಳೇಲಿ, ಅದನ್ನ ಮುಟ್ಟಿಲ್ಲ." ಅವರ ದನಿಯಲ್ಲಿ ಮೊದಲ ಸಲ ಉತ್ಸಾಹ ಕೇಳಿಸಿತು. "ಆದ್ರೆ ಲಕೋಟೆ ಮೇಲಿನ ಸಹಿ ಅಧ್ಯಕ್ಷರದೇ. ಪ್ರತಿ ಲಕೋಟೆಗೂ ಅವರು ಬಂದು ಸಹಿ ಮಾಡ್ತಾರಾ?"

"ಇಲ್ಲ ಸರ್. ವರ್ಷದ ಮೊದಲೇ ಐವತ್ತು ಪಟ್ಟಿಗೆ ಸಹಿ ಹಾಕಿ ಕೊಟ್ಟುಬಿಡ್ತಾರೆ. ಪದೇಪದೇ ಕರೀಬೇಡಿ ಅಂತ."

"ಎಲ್ಲಿರುತ್ತೆ?"

"ಈ ಡ್ರಾಯರಲ್ಲಿ."

"ಬೀಗ?"

"ಇಲ್ಲ ಸರ್."

ಅವರು ಹಣೆ ಒತ್ತಿಕೊಂಡರು. "ಅಧ್ಯಕ್ಷರ ಮೇಲೆ ಇಷ್ಟು ನಂಬಿಕೆ ಅಧ್ಯಕ್ಷರಿಗೂ ಇರಲಿಕ್ಕಿಲ್ಲ. ಇರ್ಲಿ. ಬೀರುವಿನ ಕೀಲಿ?"

ನಾನು ಡ್ರಾಯರನ್ನು ಎಳೆದು ಮತ್ತೆ ತಳ್ಳಿದೆ.

"ಕೀಲಿ ಎಷ್ಟಿದೆ ಅಂದೆ."

"ಒಂದೇ ಸರ್."

"ಯಾರ ಹತ್ರ?"

ಅವರಿಗೆ ಗೊತ್ತಿತ್ತು. ಬೆಳಿಗ್ಗೆ ಹನ್ನೊಂದು ಸಲ ಬಾಗಿಲು ತೆಗೆಸಿದಾಗ ಕೀಲಿ ಯಾರ ಸೊಂಟದಿಂದ ಬಂತೆಂದು ನೋಡಿದ್ದರು. ನನ್ನ ಬಾಯಿಂದ ಕೇಳಬೇಕಿತ್ತು, ಅಷ್ಟೆ.

ಆಗ ಅವರ ಫೋನು ಹೊಡೆದುಕೊಂಡಿತು. ಪರದೆ ನೋಡಿ ಹುಬ್ಬೇರಿಸಿದರು. "ಮೂರನೇ ಪತ್ರ ಬರೆದವರು. ರಿಜಿಸ್ಟರಲ್ಲಿ ನಂಬರ್ ನೋಡಿ ಬೆಳಿಗ್ಗೆಯಿಂದ ಹುಡುಕ್ತಿದ್ದೆ, ಗಿಡ ನೋಡ್ತಾ ಎಲ್ಲೋ ಬೆಟ್ಟದ ಮೇಲಿದ್ರಂತೆ." ಫೋನಿಗೆ, "ಹಲೋ, ಹಲೋ, ಕೇಳಿಸ್ತಿದೆಯಾ?" ಎನ್ನುತ್ತ ಮೆಟ್ಟಿಲ ಕಡೆ ಹೋದರು. ಈ ಕೋಣೆಯಲ್ಲಿ ಯಾರ ಫೋನೂ ನೆಟ್ಟಗೆ ಕೇಳಿಸುವುದಿಲ್ಲ.

ಅವರು ಅತ್ತ ಹೋದರು, ಇತ್ತ ಆಫೀಸಿನ ಬಾಗಿಲಿನಿಂದ ಚಿಕ್ಕಮ್ಮ ಬಂದಳು.

ಅಮ್ಮನ ತಂಗಿ. ಮದುವೆಯಾಗದೆ ನಮ್ಮ ಜೊತೆಯಲ್ಲೇ ಇರುವವಳು. ನನಗೆ ಜಡೆ ಹಾಕಿದವಳು, ಈ ಕೆಲಸದ ಅರ್ಜಿ ತಂದುಕೊಟ್ಟವಳು, ಆಫೀಸಿನಲ್ಲಿ ನನ್ನನ್ನು ಗುರುತೇ ಇಲ್ಲದವಳಂತೆ "ಅಸಿಸ್ಟೆಂಟ್" ಎಂದು ಕರೆಯುವವಳು. ಈಗ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಪುಟ್ಟೀ," ಎಂದಳು.

"ಚಿಕ್ಕಮ್ಮ, ನೀನಾ?"

"ಒಪ್ಕೊಂಡುಬಿಟ್ಯಾ? ಬಾಯಿ ಬಿಡು ಅಂದ್ರೆ ಬಿಡಲ್ಲ, ಬಿಡಬಾರದ ಹೊತ್ತಲ್ಲೇ ಬಿಡ್ತೀಯ!"

"ನಿನಗೆ ಹೇಗೆ ಗೊತ್ತಾಯ್ತು?"

"ಹದಿನೈದು ದಿನದಿಂದ ನೀನು ತಟ್ಟೆ ಮುಂದೆ ಕೂತು ತಟ್ಟೇನೇ ನೋಡ್ತಿದ್ದೆ. ನಿಮ್ಮಮ್ಮ ಯಾವನನ್ನೋ ಪ್ರೀತಿಸಿದಾಳೆ ಅಂದ್ಲು. ಹಾಗೇನಾದ್ರೂ ಇರ್ಲಿ ದೇವರೇ ಅಂತ ಡೈರಿ ತೆಗೆದೆ." ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಓದಬಾರದಿತ್ತು. ಓದಿದೆ. ತನಿಖೆ ಬರುತ್ತೆ ಅಂತ ಅವತ್ತೇ ಪತ್ರ ಬಂದಿತ್ತು. ಲಕೋಟೆ ಒಡೆದ್ರೆ ನಿನ್ನ ಗತಿ ಏನು? ಕಡತ ತಿದ್ದಿದಾಳೆ ಅಂತ ಹೆಸರು ಬಂದ್ರೆ ಇನ್ನೆಲ್ಲಿ ಕೆಲಸ ಸಿಗುತ್ತೆ ನಿನಗೆ?"

"ಅದಕ್ಕೆ ನೀನು ಮೂಲ ಪತ್ರವನ್ನೇ..."

"ಆ ಬೆಟ್ಟದ ಮನುಷ್ಯನಿಗೆ ಫೋನ್ ಮಾಡ್ದೆ. ನಿಮ್ಮ ಮೊದಲನೇ ಹಾಳೆ ಮೇಲೆ ನೀರು ಬಿದ್ದಿದೆ, ಮತ್ತೆ ಮುದ್ರಿಸಿ ಕಳಿಸಿ ಅಂದೆ. ನಿಧಾನ ಗಿಧಾನ ಅಂತ ಬರೆಯೋ ಹಾಗಿಲ್ಲ, ನಿಯಮ ಬದಲಾಗಿದೆ, ಆ ಸಾಲು ಬಿಟ್ಟು ಕಳಿಸಿ ಅಂದೆ. ಪಾಪ, ಒಳ್ಳೇ ಜನ, ಮೂರು ದಿನದಲ್ಲಿ ಕಳಿಸಿದ್ರು."

"ಚಿಕ್ಕಮ್ಮ! ಮೇಡಂ ಕೆಲಸ ಹೋಗುತ್ತೆ ಅಂತ ನಿನಗೆ ಅನ್ನಿಸ್ಲಿಲ್ವಾ?"

ಅವಳು ಹೊರಗಿನ ಬೆಂಚಿನ ಕಡೆಯ ಬಾಗಿಲನ್ನು ನೋಡಿದಳು. ದನಿ ಇಳಿಸಿದಳು.

"ಅನ್ನಿಸ್ತು ಕಣೇ. ಅವರ ಮನೆಗೇ ಹೋದೆ. ಕಾಲು ಹಿಡಿಯೋಣ, ಮನವಿ ವಾಪಸ್ ತಗೊಳ್ಳಿ ಅನ್ನೋಣ ಅಂತ ಹೋದೆ. ಎಲ್ಲಾ ಹೇಳಿದೆ. ಅವರು ಸುಮ್ನೆ ಕೇಳಿಸ್ಕೊಂಡ್ರು. ಸಂಘದೋರು ಹಾಕಿರೋ ಮನವಿ, ವಾಪಸ್ ತಗೊಂಡ್ರೆ ಯಾಕೆ ಅಂತ ಕೇಳ್ತಾರೆ ಅಂದ್ರು. ಆಮೇಲೆ ಅವರೇ ಹೇಳಿದ್ರು. ಮೂಲವೂ ನಕಲೂ ಒಂದೇ ಥರ ಇದ್ರೆ ಹುಡುಗಿ ತಂಟೆಗೆ ಯಾರೂ ಬರಲ್ಲ ಅಲ್ವಾ, ಅಂತ."

ನಾನು ಅವಳ ಸೊಂಟದಲ್ಲಿದ್ದ ಬೀರುವಿನ ಕೀಲಿಯನ್ನು ನೋಡಿದೆ.

"ಉಪಾಯ ಅವರದು?"

"ಅವರದೇ. ಫೋನ್ ನಾನು ಮಾಡಿದ್ದು. ಹಳೇ ಹಾಳೆ ತಂದುಕೊಡಿ, ನಾನೇ ಹರಿದುಹಾಕ್ತೀನಿ, ನಿಮ್ಮ ಮನೇಲಿ ಇರೋದು ಬೇಡ ಅಂದ್ರು. ಕೊಟ್ಟೆ." ಚಿಕ್ಕಮ್ಮ ನನ್ನ ಮುಂಗೈ ಹಿಡಿದಳು. "ಇದು ನಮ್ಮ ಮೂವರಲ್ಲೇ ಇರ್ಲಿ. ನಾನು ಮಾಡಿದ್ದು ನನ್ನ ತಲೆಗೆ. ಅವರ ಹೆಸರು ಬರೋದು ಬೇಡ."

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಅವಳು ಕೈ ಬಿಟ್ಟಳು.

ತನಿಖಾಧಿಕಾರಿ ಒಳಗೆ ಬಂದು, ನಮ್ಮಿಬ್ಬರನ್ನೂ ನೋಡಿ, ಗಡಿಯಾರ ನೋಡಿದರು. ನಾಲ್ಕು ಇಪ್ಪತ್ತು.

"ಸೂಪರಿಂಟೆಂಡೆಂಟಮ್ಮ, ನೀವೇ ಬಂದ್ರಾ? ಒಳ್ಳೇದೇ ಆಯ್ತು. ಹಾಳೆ ಮೇಲೆ ಬಿದ್ದ ನೀರು ಒಣಗಿತಾ?"

ಚಿಕ್ಕಮ್ಮ ತಲೆ ತಗ್ಗಿಸಲಿಲ್ಲ. "ಫೋನ್ ಮಾಡಿದ್ದು ನಾನೇ ಸರ್. ಹಾಳೆ ಬದಲಾಯಿಸಿದ್ದೂ ನಾನೇ. ಹುಡುಗಿಗೆ ಏನೂ ಗೊತ್ತಿಲ್ಲ."

"ಹುಡುಗಿ ಆಗ್ಲೇ ತನ್ನ ಪಾಲು ಹೇಳಿದಾಳೆ." ಅವರು ಕೂತು, ಖಾಲಿ ಹಾಳೆಯೊಂದನ್ನು ನನ್ನ ಕಡೆ ತಳ್ಳಿದರು. ಮುಖದಲ್ಲಿ ಆಯಾಸವಿತ್ತು, ಅದರೊಳಗೆ ಸ್ವಲ್ಪ ಸಂತೋಷವೂ ಇತ್ತು. "ನೋಡಿ, ಬರೆದವರು ಆ ಸಾಲು ಇತ್ತು ಅಂತ ಒಪ್ಪಿದಾರೆ. ಪದ ಪದ ನೀವು ಹೇಳಿದ ಹಾಗೇ ಹೇಳಿದ್ರು. ನಿಧಾನ, ಎರಡು ವರ್ಷ, ಐದು ವರ್ಷ. ಲೋಪ ಸಾಬೀತಾಯ್ತು. ನಿಮ್ಮ ಮೇಡಂಗೆ ಮತ್ತೆ ಮತದಾನ ಸಿಗುತ್ತೆ."

ಚಿಕ್ಕಮ್ಮ ಉಸಿರು ಬಿಟ್ಟದ್ದು ಕೇಳಿಸಿತು. ನನ್ನ ಕಣ್ಣು ಮಂಜಾಯಿತು.

"ಒಂದೇ ಒಂದು ಗಂಟು ಉಳಿದಿದೆ," ಎಂದರು ಅವರು. "ನಿಯಮ ಹನ್ನೆರಡು. ಕಡತ ಬದಲಾಯಿಸೋದ್ರಲ್ಲಿ ಅಭ್ಯರ್ಥಿಯ ಕೈ ಇದ್ರೆ, ಗೊತ್ತಿದ್ದೂ ಸುಮ್ನಿದ್ರೂ ಅಷ್ಟೇ, ಮನವಿ ಅಲ್ಲಿಗೇ ವಜಾ. ಬಡ್ತಿ ಹಾಗಿರ್ಲಿ, ನಡತೆ ಸರಿಯಿಲ್ಲ ಅಂತ ಬರೆದು ಇವತ್ತೇ ಕಳಿಸ್ತಾರೆ. ಬೇರೆ ಕಾಲೇಜೂ ಸೇರಿಸಿಕೊಳ್ಳಲ್ಲ. ಅದಕ್ಕೆ ಇಬ್ಬರನ್ನೂ ಕೇಳ್ತೀನಿ. ಸಸ್ಯಶಾಸ್ತ್ರದ ಮೇಡಂಗೆ ಇದು ಗೊತ್ತಿತ್ತಾ?"

"ಇಲ್ಲ," ಎಂದಳು ಚಿಕ್ಕಮ್ಮ, ತಕ್ಷಣ.

ಅವರು ನನ್ನ ಕಡೆ ತಿರುಗಿದರು. "ನೀವು?"

ಜೀವನದಲ್ಲಿ ನಾನು ಬಾಯಿಬಿಟ್ಟು ಸುಳ್ಳು ಹೇಳಿದವಳಲ್ಲ. ಹೇಳದೆ ಉಳಿಸಿಕೊಂಡದ್ದು ಬೇಕಾದಷ್ಟು. ಅದನ್ನು ಸುಳ್ಳೆಂದು ನಾನು ಲೆಕ್ಕ ಹಿಡಿದಿರಲಿಲ್ಲ. ನಿಜ ಹೇಳಿದರೆ ಮೇಡಂ ಹೋಗುತ್ತಾರೆ, ಅದೂ ನನ್ನನ್ನು ಕಾಪಾಡಲು ಹೋಗಿ, ಕೆಟ್ಟ ಹೆಸರಿನ ಜೊತೆ ಹೋಗುತ್ತಾರೆ. ಸುಳ್ಳು ಹೇಳಿದರೆ ಉಳಿಯುತ್ತಾರೆ. ಹೋದ ಸಲವೂ ಹೀಗೇ ಅಂದುಕೊಂಡಿದ್ದೆ, ಬಿಟ್ಟರೆ ಉಳಿಯುತ್ತಾರೆಂದು.

"ಇಲ್ಲ ಸರ್," ಎಂದೆ.

"ಬರೆದು ಸಹಿ ಮಾಡಿ. ಏನು ಬಿಟ್ರಿ, ಯಾಕೆ ಬಿಟ್ರಿ, ಕೊನೆಗೆ ಅಭ್ಯರ್ಥಿಗೆ ಏನೂ ಗೊತ್ತಿರಲಿಲ್ಲ ಅಂತ."

ಬರೆದೆ. ಅಕ್ಷರ ಎಂದಿನಂತೆ ದುಂಡಗೆ, ಸಾಲು ನೇರವಾಗಿ ಬಂದವು. ಕೈ ಸ್ವಲ್ಪವಾದರೂ ನಡುಗಿದ್ದರೆ ಸಮಾಧಾನವಾಗುತ್ತಿತ್ತು. "ಈ ಯಾವ ವಿಷಯವೂ ಅಭ್ಯರ್ಥಿಯ ಗಮನಕ್ಕೆ ಬಂದಿರಲಿಲ್ಲ ಎಂದು ದೃಢೀಕರಿಸುತ್ತೇನೆ." ಕೆಳಗೆ ಸಹಿ, ತಾರೀಖು, ಸಮಯ: ನಾಲ್ಕು ಮೂವತ್ತೆರಡು. ಚಿಕ್ಕಮ್ಮ ಅದರ ಕೆಳಗೆ ತನ್ನ ಸಹಿ ಹಾಕಿದಳು.

ಅವರು ಹಾಳೆಯನ್ನು ಎತ್ತಿ, ಶಾಯಿ ಆರಲೆಂದು ಗಾಳಿಯಲ್ಲಿ ಆಡಿಸಿ, ಕನ್ನಡಕ ಸರಿಮಾಡಿಕೊಂಡು ಓದಿದರು. "ಸರಿ. ನಿಮ್ಮ ಮೇಡಂನ ಒಳಗೆ ಕರೀರಿ. ಸಂತೋಷದ ಸುದ್ದಿ ನಾನೇ ಹೇಳ್ತೀನಿ. ಮೂವತ್ತು ವರ್ಷ ಬರೀ ಕೆಟ್ಟ ಸುದ್ದಿ ಹೇಳಿದೀನಿ."

ನಾನು ಬಾಗಿಲು ತೆರೆದೆ.

ಬೆಂಚಿನ ಮೇಲೆ ಪ್ರಯೋಗದ ಪುಸ್ತಕಗಳು ಎರಡು ರಾಶಿಯಾಗಿದ್ದವು, ತಿದ್ದಿದ್ದೊಂದು, ತಿದ್ದಬೇಕಾದ್ದೊಂದು. ಕೆಂಪು ಪೆನ್ನಿಗೆ ಮುಚ್ಚಳ ಹಾಕಿತ್ತು. ಮೇಡಂ ಇರಲಿಲ್ಲ.

ಕಾರಿಡಾರಿನ ತುದಿಯಿಂದ ಅಟೆಂಡರಣ್ಣ ಖಾಲಿ ಲೋಟಗಳ ತಟ್ಟೆ ಹಿಡಿದು ಬರುತ್ತಿದ್ದರು.

"ಮೇಡಂನ ಹುಡುಕ್ತಿದೀಯಾ? ಈಗ ಪ್ರಿನ್ಸಿಪಾಲರ ಕೋಣೆಗೆ ಹೋದ್ರಲ್ಲ. ಹತ್ತು ನಿಮಿಷ ಆಯ್ತು."

"ಯಾಕೆ ಅಣ್ಣ?"

"ನನಗೇನು ಗೊತ್ತಮ್ಮ? ಮೊದಲು ಈ ಬಾಗಿಲ ತನಕ ಬಂದ್ರು. ಒಳಗೆ ಏನೋ ಮಾತು ನಡೀತಿತ್ತು, ಕೈ ಎತ್ತಿದವರು ತಟ್ಟದೆ ಹಾಗೇ ನಿಂತ್ರು. ಆಮೇಲೆ ಪರ್ಸಿಂದ ಒಂದು ಹಾಳೆ ತೆಗೆದ್ರು, ನಾಲ್ಕು ಮಡಿಕೆ ಮಾಡಿದ್ದು, ಟೈಪ್ ಮಾಡಿದ ಹಾಳೆ. ಅದನ್ನ ಬಿಡಿಸಿ ಹಿಡ್ಕೊಂಡು, 'ಪ್ರಿನ್ಸಿಪಾಲರು ಇದಾರಾ?' ಅಂತ ಕೇಳ್ಕೊಂಡು ಸೀದಾ ಹೋದ್ರು."

ಹರಿದುಹಾಕಿರಲಿಲ್ಲ.

ಬೆನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ತನಿಖಾಧಿಕಾರಿ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಅಟೆಂಡರಣ್ಣ ಹೇಳಿದ್ದಷ್ಟನ್ನೂ ಕೇಳಿಸಿಕೊಂಡಿದ್ದರು. ಎಡಗೈಯಲ್ಲಿ ನಾನು ಸಹಿ ಮಾಡಿಕೊಟ್ಟ ಹಾಳೆ ಇತ್ತು. ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಯಾವ ಹಾಳೇಮ್ಮ ಅದು?" ಎಂದು ಕೇಳಿದರು, ಮೆಲ್ಲಗೆ.